ಎರಡು ಸಲ ಕುದಿಸಿದ ನೀರು

ನಗರದ ಕುಡಿಯುವ ನೀರಿನ ಕಾಮಗಾರಿಗಳಿಗೆ ಸರ್ಕಾರದ ಹಣ ಹಂಚುವ ಅಧಿಕಾರಿಗಳಿಗೆ,

ಮಾನ್ಯರೇ,

ಕಳೆದ ಫೆಬ್ರವರಿಯಲ್ಲಿ, ನಮ್ಮ ಬಡಾವಣೆಯ ಚರ್ಚಿನ ಸಭಾಂಗಣದಲ್ಲಿ, ನೆರೆಹೊರೆಯವರೆಲ್ಲರ ಎದುರಿಗೆ ನೀವು ನನ್ನ ಹೆಂಡತಿಗೆ ಒಂದು ಮಾತು ಹೇಳಿದಿರಿ. “ಸೀಸ ಇರೋ ನೀರನ್ನ ಕುದಿಸಿದ್ರೆ ಸೀಸ ಹೋಗಲ್ಲ ಮೇಡಂ. ಕುದಿಸಿದಷ್ಟೂ ಜಾಸ್ತೀನೇ ಆಗುತ್ತೆ.” ಹೇಳಿ, ಕೈಯಲ್ಲಿದ್ದ ಕಾಗದ ತಿರುವಿ, “ಮುಂದಿನ ಪ್ರಶ್ನೆ?” ಎಂದಿರಿ. ನೀವು ಸುಳ್ಳು ಹೇಳಿದಿರಿ ಎಂದು ನಾನು ದೂರುತ್ತಿಲ್ಲ. ನೀವು ಹೇಳಿದ್ದು ನಿಜ, ಆಮೇಲೆ ವೈದ್ಯರನ್ನೂ ಕೇಳಿ ಖಚಿತಪಡಿಸಿಕೊಂಡೆ. ನನ್ನ ದೂರು ಬೇರೆ. ಆ ನಿಜ ನಿಮ್ಮ ಕಚೇರಿಗೆ ಎಷ್ಟೋ ವರ್ಷದಿಂದ ಗೊತ್ತಿತ್ತು, ನಮ್ಮ ಅಡುಗೆಮನೆಗೆ ಮಾತ್ರ ಅದು ಆ ಸಂಜೆ ಬಂತು. ಆ ಸಂಜೆಯಿಂದ ಇವತ್ತಿನವರೆಗೆ ನನ್ನ ಹೆಂಡತಿ ನೋರೀನ್ ನಮ್ಮ ಮೊಮ್ಮಗನಿಗೆ ತನ್ನ ಕೈಯಾರೆ ಒಂದು ಗುಟುಕು ನೀರು ಕೊಟ್ಟಿಲ್ಲ. ಅದಕ್ಕೆ ಈ ಪತ್ರ. ಖಾಸಗಿಯಾಗಿ ಬರೆದ ಪತ್ರಗಳಿಗೆ ನೀವು ಕಳಿಸಿದ ಉತ್ತರದಲ್ಲಿ ನಮ್ಮ ಬೀದಿಯ ಹೆಸರೇ ತಪ್ಪಾಗಿತ್ತು, ಹಾಗಾಗಿ ಈ ಸಲ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ಬೀದಿಯ ಹೆಸರು ಗೋಬ್ನೆಟ್ ಸಾಲು. ಒಂದಕ್ಕೊಂದು ಅಂಟಿಕೊಂಡ ಎಂಟು ಮನೆಗಳು. ನಮ್ಮ ತಾತಂದಿರ ಕಾಲದಲ್ಲಿ ಬಂದರಿನ ಕೂಲಿಗಳಿಗೆಂದು ನಗರಸಭೆಯೇ ಕಟ್ಟಿಸಿ ಬಾಡಿಗೆಗೆ ಕೊಟ್ಟದ್ದು. ಅಂದಿನ ಲೆಕ್ಕಕ್ಕೆ ಅದು ದೊಡ್ಡ ಉಪಕಾರವೇ. ಬಾವಿಯಿಂದ ಬಕೆಟ್ಟು ಹೊತ್ತ ಹೆಂಗಸರು ಅಡುಗೆಮನೆಯಲ್ಲೇ ನಲ್ಲಿ ತಿರುಗಿಸುವಂತಾಯಿತು. ಬೀದಿ ಅಗೆಯುವ ಖರ್ಚು ಉಳಿಸಲು ಅಂದಿನ ಇಂಜಿನಿಯರು ಒಂದೇ ಒಂದು ಸೀಸದ ಪೈಪು ತಂದು, ಒಂದನೇ ಮನೆಯ ಹಿತ್ತಲಲ್ಲಿ ಒಳಗೆ ಬಿಟ್ಟು, ಎಂಟೂ ಹಿತ್ತಲುಗಳ ಅಡಿಯಲ್ಲಿ ಹಾಯಿಸಿ, ಎಂಟನೇ ಮನೆಯ ಗೋಡೆಗೆ ತಂದು ನಿಲ್ಲಿಸಿದ. ಎಂಟನೇ ಮನೆ ನಮ್ಮದು. ನನ್ನಪ್ಪ ಬಾಡಿಗೆದಾರನಾಗಿದ್ದವನು ನಗರಸಭೆ ಮನೆಗಳನ್ನು ಮಾರಲು ಹೊರಟಾಗ ಸಾಲ ಮಾಡಿ ಕೊಂಡುಕೊಂಡ. ಕೀಲಿ ಕೈಗೆ ಬಂದ ದಿನ ಅವನು ಬಾಗಿಲಿಗೆ ಕೆಂಪು ಬಣ್ಣ ಹೊಡೆದದ್ದು ನನಗೆ ನೆನಪಿದೆ. ಬಾಗಿಲಿನ ಜೊತೆಗೆ ಮಣ್ಣಿನಡಿಯ ವಿಷವನ್ನೂ ಕೊಂಡಿದ್ದೀಯೆಂದು ಅವನಿಗೆ ಯಾರೂ ಹೇಳಲಿಲ್ಲ. ಮಾರಿದವರಿಗೆ ಗೊತ್ತಿರಲಿಲ್ಲವೇ? ಪೈಪು ಹಾಕಿಸಿದವರೂ ಅವರೇ ಅಲ್ಲವೇ?

ಈಗ ನಿಮ್ಮ ಹೊಸ ಶುದ್ಧೀಕರಣ ಘಟಕದ ಮಾತಿಗೆ ಬರೋಣ. ಅದರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ, ಹೆಮ್ಮೆಯೇ ಇದೆ. ನಾನು ಈ ಊರಿನ ಬಸ್ ಚಾಲಕನಾಗಿದ್ದವನು, ಉದ್ಘಾಟನೆಯ ದಿನ ಅತಿಥಿಗಳನ್ನು ಸರೋವರದ ದಡಕ್ಕೆ ಕರೆದೊಯ್ದದ್ದು ನನ್ನದೇ ಬಸ್ಸು. ಮಳೆ ಸುರಿಯುತ್ತಿತ್ತು, ಕೊಡೆಗಳು ಗಾಳಿಗೆ ಹಿಂದುಮುಂದಾಗುತ್ತಿದ್ದವು, ಆದರೂ ಎಲ್ಲರೂ ನಗುತ್ತಿದ್ದರು. ನೀವು ಗಾಜಿನ ಲೋಟ ಎತ್ತಿ ನೀರು ಕುಡಿದಿರಿ, ಎಲ್ಲರೂ ಚಪ್ಪಾಳೆ ತಟ್ಟಿದರು, ಬಸ್ಸಿನ ಬಾಗಿಲಲ್ಲಿ ನಿಂತು ನಾನೂ ತಟ್ಟಿದೆ. “ಈ ಊರಿನ ಮಕ್ಕಳು ಇನ್ನು ಮುಂದೆ ದೇಶದಲ್ಲೇ ಅತ್ಯಂತ ಶುದ್ಧವಾದ ನೀರು ಕುಡಿಯುತ್ತಾರೆ” ಎಂದಿರಿ. ಜನರ ತೆರಿಗೆಯ ಕೋಟಿಗಟ್ಟಲೆ ಯೂರೋ ಅಲ್ಲಿ ಸರಿಯಾಗಿಯೇ ಖರ್ಚಾಗಿದೆ. ಸರೋವರದಿಂದ ಹೊರಟ ನೀರು ಬೆಟ್ಟ ಇಳಿದು, ಹೊಸ ಪೈಪಿನಲ್ಲಿ ಊರು ಹೊಕ್ಕು, ನಮ್ಮ ಸಾಲಿನ ಮೊದಲ ಗೇಟಿನವರೆಗೂ ಹಾಲಿನಷ್ಟು ಶುದ್ಧವಾಗಿ ಬರುತ್ತದೆ. ಅಲ್ಲಿಗೆ ನಿಮ್ಮ ಹಣ ನಿಂತುಬಿಡುತ್ತದೆ. ನೀರು ಮಾತ್ರ ನಿಲ್ಲುವುದಿಲ್ಲ, ಅದು ಸೀಸದೊಳಗೆ ಇಳಿಯುತ್ತದೆ.

ನಾನು ಅಷ್ಟು ವರ್ಷ ಬಸ್ ಓಡಿಸಿದೆನಲ್ಲ, ಕೊನೆಯ ನಿಲ್ದಾಣಕ್ಕೆ ಮುಂಚೆಯೇ ಬಸ್ ನಿಲ್ಲಿಸಿ, ಇಲ್ಲಿಂದಾಚೆ ನಿಮ್ಮ ನಿಮ್ಮ ಸ್ವಂತ ರಸ್ತೆ, ಇಳಿಯಿರಿ ಎಂದು ಮುದುಕಿಯರನ್ನು ಮಳೆಯಲ್ಲಿ ಇಳಿಸಿದ್ದರೆ ನನ್ನ ಕೆಲಸ ಉಳಿಯುತ್ತಿತ್ತೇ? ನಿಮ್ಮ ಕೆಲಸ ಹೇಗೆ ಉಳಿದಿದೆ?

ಸಹಾಯಧನ ಇದೆಯಲ್ಲ ಎನ್ನುತ್ತೀರಿ. ಇದೆ, ನೋಡಿದ್ದೇವೆ. ಸೀಸದ ಪೈಪು ಬದಲಿಸುವ ಮನೆಯೊಡೆಯರಿಗೆ ಸರ್ಕಾರ ನೆರವು ಕೊಡುತ್ತದೆ, ಆದರೆ ಆ ಪೈಪು ಅವರೊಬ್ಬರಿಗೇ ಸೇರಿರಬೇಕು. ನಮ್ಮದು ಎಂಟು ಮನೆಗಳ ಪೈಪು. ಹಾಗಾಗಿ ನಮ್ಮಲ್ಲಿ ಯಾರಿಗೂ ನೆರವಿಲ್ಲ. ಸರಿ, ಎಲ್ಲರಿಗೂ ಸೇರಿದ್ದಾದರೆ ಸಾರ್ವಜನಿಕ ಎಂದುಕೊಂಡು ನೀವೇ ಬದಲಿಸಿ ಎಂದೆವು. ಅದು ಖಾಸಗಿ ಹಿತ್ತಲುಗಳಲ್ಲಿದೆ, ಹಾಗಾಗಿ ಸಾರ್ವಜನಿಕವಲ್ಲ ಎಂದಿರಿ. ಒಂದನೇ ಮನೆಯ ಡಿಂಪ್ನಾಗೆ ಎಂಬತ್ತು ದಾಟಿದೆ, ಬಾಯಿ ಮಾತ್ರ ಹದಿನೆಂಟರದ್ದು. ನಿಮ್ಮ ಕಚೇರಿಯ ಕಿಟಕಿಯ ಮುಂದೆ ಅವಳನ್ನು ನಾನೇ ಕರೆದುಕೊಂಡು ಹೋಗಿದ್ದೆ.

“ಅಲ್ಲಪ್ಪಾ ತಮ್ಮಾ,” ಅಂದಳು ಒಳಗೆ ಕೂತಿದ್ದವನಿಗೆ, “ಪೈಪು ನಂದೂ ಅಲ್ಲ, ನಿಂದೂ ಅಲ್ಲ ಅಂತೀಯ. ಹಂಗಾದ್ರೆ ಅದರ ಮೇಲೆ ಬೆಳ್ದಿರೋ ನನ್ನ ರೂಬಾರ್ಬ್ ಗಿಡ ಯಾರದ್ದು? ಅದಕ್ಕೂ ಏನಾದ್ರೂ ಕಾನೂನು ಮಾಡಿದ್ದೀರಾ?”

“ಅಜ್ಜಿ, ನಾನು ಬರೀ ಅರ್ಜಿ ತಗೊಳ್ಳೋನು.”

“ತಗೋ ಹಂಗಾದ್ರೆ. ಕೊಡೋನು ಯಾವಾಗ ಬರ್ತಾನೆ?”

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಆಗಿನ್ನೂ ನಮಗೆ ನಗಲು ಆಗುತ್ತಿತ್ತು, ಕುದಿಸಿ ಕುಡಿದರೆ ಸಾಕೆಂಬ ಧೈರ್ಯವಿತ್ತು, ಮಗುವಿನ ರಕ್ತ ಪರೀಕ್ಷೆ ಆಗಿರಲಿಲ್ಲ.

ಈಗ ನೀರು ಕುದಿಸುವ ನಮ್ಮ ಕೆಟಲ್‌ನ ಕಥೆ ಹೇಳಬೇಕು. ನಿಮಗೆ ಅದು ಗೊತ್ತಿರಲೇಬೇಕು, ಏಕೆಂದರೆ ಅದನ್ನು ಶುರು ಮಾಡಿದವರು ನೀವೇ. ಹೊಸ ಘಟಕ ಬರುವುದಕ್ಕೆ ಮುಂಚೆ ಸರೋವರದ ನೀರಿನಲ್ಲಿ ಹುಳ ಬಿದ್ದು, ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ಮಲಗಿದ್ದ ಕಾಲವೊಂದಿತ್ತು. ಆಗ ನಿಮ್ಮ ಕಚೇರಿ ಮನೆಮನೆಗೂ ಒಂದು ಹಳದಿ ಚೀಟಿ ಹಂಚಿತು. ಅದರ ಮೇಲೆ ಕೆಟಲ್‌ನ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ “ಕುದಿಸಿಯೇ ಕುಡಿಯಿರಿ”. ವಾರವಲ್ಲ, ತಿಂಗಳುಗಟ್ಟಲೆ. ರೇಡಿಯೋದಲ್ಲಿ ಅದೇ, ಶಾಲೆಯಲ್ಲಿ ಅದೇ, ಭಾನುವಾರದ ಪೂಜೆ ಮುಗಿದ ಮೇಲೆ ಪಾದ್ರಿಗಳ ಬಾಯಲ್ಲೂ ಅದೇ. ನಮ್ಮ ಜನಕ್ಕೆ ಇದನ್ನು ಕಲಿಸುವುದು ಕಷ್ಟವಾಗಲಿಲ್ಲ. ಸಾವಾಗಲಿ, ಹೆರಿಗೆಯಾಗಲಿ, ಬಾಗಿಲಿಗೆ ಅಂಚೆಯವನೇ ಬರಲಿ, ಮೊದಲು ಕೆಟಲ್ ಇಡುವ ಜನ ನಾವು. ಬಂದವರು ಬೇಡ ಬೇಡ ಎಂದರೂ ಚಹಾ ಕೊಡದೆ ಕಳಿಸಿದರೆ ಆ ಮನೆಯನ್ನು ಬೀದಿಯವರು ತಲೆಮಾರುಗಟ್ಟಲೆ ಆಡಿಕೊಳ್ಳುತ್ತಾರೆ. ಕೆಟಲ್ಲೇ ಎಲ್ಲದಕ್ಕೂ ಮದ್ದು ಎಂದು ನಂಬಿದ್ದವರಿಗೆ ನೀವು ಸರ್ಕಾರದ ಮುದ್ರೆ ಒತ್ತಿ ಹೌದೆಂದಿರಿ.

ನೋರೀನ್ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿದವಳು, ಅಚ್ಚುಕಟ್ಟು ಅವಳ ರಕ್ತದಲ್ಲೇ ಇದೆ. ನೀವು ಒಂದು ಸಲ ಎಂದರೆ ಅವಳು ಎರಡು ಸಲ ಕುದಿಸುವವಳು. ಹುಳದ ಕಾಲ ಮುಗಿಯಿತು, ಎಚ್ಚರಿಕೆ ಹಿಂತೆಗೆದುಕೊಂಡಿದ್ದೇವೆ ಎಂದು ನೀವು ಸಾರಿದಿರಿ, ಆದರೂ ಆ ಹಳದಿ ಚೀಟಿ ನಮ್ಮ ಫ್ರಿಜ್ಜಿನ ಬಾಗಿಲಿನಿಂದ ಇಳಿಯಲಿಲ್ಲ. “ಇವರು ಇವತ್ತು ಒಂದು ಹೇಳ್ತಾರೆ, ನಾಳೆ ಇನ್ನೊಂದು ಹೇಳ್ತಾರೆ,” ಅನ್ನುತ್ತಿದ್ದಳು, “ಕುದ್ಸಿದ ನೀರು ಯಾರಿಗೂ ಕೆಟ್ಟದ್ದು ಮಾಡಲ್ಲ, ಬಿಡು.”

ನಮ್ಮ ಮಗಳು ಓರ್ಲಾ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾಳೆ. ಈ ಊರಿನ ಬಾಡಿಗೆಗೆ ಅವಳ ಸಂಬಳ ಎಲ್ಲಿ ಸಾಲಬೇಕು? ಅವಳ ಮಗ ಫೀಕ್ರ ಹುಟ್ಟಿದಾಗಿನಿಂದ ತಾಯಿ ಮಗು ಇಬ್ಬರೂ ನಮ್ಮ ಹಿಂದಿನ ಕೋಣೆಯಲ್ಲಿದ್ದಾರೆ. ಓರ್ಲಾ ಬೆಳಗಿನ ಪಾಳಿಗೆ ಹೋದರೆ ಮಗುವಿಗೆ ಹಾಲಿನ ಪುಡಿ ಕಲಸಿ ಬಾಟಲಿ ಕೊಡುವುದು ಅಜ್ಜಿಯ ಕೆಲಸ. ಅವಳು ಅದನ್ನು ಹೇಗೆ ಮಾಡುತ್ತಿದ್ದಳು ಎಂದು ಹೇಳುತ್ತೇನೆ, ದಯವಿಟ್ಟು ಓದಿ. ಎಲ್ಲರಿಗಿಂತ ಮುಂಚೆ ಎದ್ದು, ಬೇರೆ ಯಾರೂ ನಲ್ಲಿ ಮುಟ್ಟುವುದಕ್ಕೆ ಮೊದಲು, ಕೆಟಲ್ ತುಂಬುತ್ತಿದ್ದಳು. ದಿನದ ಮೊದಲ ನೀರು ಮಗುವಿಗೆ. ರಾತ್ರಿಯೆಲ್ಲ ಅಲ್ಲಾಡದೆ ನಿಂತ ನೀರು ತಿಳಿಯಾಗಿರುತ್ತದೆ ಎಂದು ಅವಳ ತಾಯಿ ಬಾವಿಯ ಕಾಲದಲ್ಲಿ ಹೇಳಿಕೊಟ್ಟಿದ್ದಳಂತೆ. ಅದನ್ನು ಕುದಿಸಿ, ಆರಿಸಿ, ಮತ್ತೊಮ್ಮೆ ಕುದಿಸಿ, ಆಮೇಲೆ ಬಾಟಲಿಗೆ. ನಾನು ನನ್ನ ಚಹಾಕ್ಕೆ ಆ ಕೆಟಲ್‌ಗೆ ಕೈ ಹಾಕಿದರೆ ಬೈಗುಳ.

“ಅದು ರಾಜಕುಮಾರನ ನೀರು ಫಿಂಟನ್. ನೀನು ನಲ್ಲಿ ಬಿಟ್ಕೊಂಡು ಬೇರೆ ಹಿಡ್ಕೋ.”

ನಾನು ನಲ್ಲಿ ಬಿಟ್ಟು, ನೀರು ಹರಿದ ಮೇಲೆ ಹಿಡಿದುಕೊಂಡೆ. ಮಾನ್ಯರೇ, ನಿಮ್ಮ ತಜ್ಞರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ರಾತ್ರಿಯೆಲ್ಲ ಸೀಸದಲ್ಲಿ ನಿಂತ ನೀರಿನಲ್ಲೇ ಸೀಸ ಹೆಚ್ಚು. ಇಡೀ ಬೀದಿಯ ಕೊನೆಯ ಮನೆಯ ಆ ಮೊದಲ ನೀರನ್ನು ಅವಳು ಪ್ರೀತಿಯಿಂದ ಆರಿಸಿ ತೆಗೆದು, ಎರಡು ಸಲ ಕುದಿಸಿ, ಯಾರೂ ಮುಟ್ಟದ ಹಾಗೆ ಕಾಪಾಡಿ, ಮಗುವಿಗೆ ಕುಡಿಸಿದಳು. ಅಜಾಗರೂಕಳಾಗಿದ್ದರೆ ಮಗುವಿಗೆ ಇಷ್ಟು ಆಗುತ್ತಿರಲಿಲ್ಲ.

ಫೀಕ್ರನಿಗೆ ಎರಡು ತುಂಬಿದರೂ ಮಾತು ಬರಲಿಲ್ಲ. ಗಂಡುಮಕ್ಕಳಿಗೆ ತಡ ಎಂದರು. ಮೂರಾದರೂ ಒಂದೊಂದೇ ಪದ. “ಬಸ್”, “ಬೇಡ”, “ನ್ಯಾನ್”. ನ್ಯಾನ್ ಎಂದರೆ ಅವನ ಅಜ್ಜಿ. ಹೊಟ್ಟೆನೋವು, ಕಾರಣವಿಲ್ಲದ ಸಿಟ್ಟು, ಮಂಕು. ಕೊನೆಗೆ ಮಕ್ಕಳ ವೈದ್ಯೆ ರಕ್ತ ಪರೀಕ್ಷೆ ಮಾಡಿಸಿದರು. ಫಲಿತಾಂಶ ಹೇಳುವಾಗ ಆಕೆ ಓರ್ಲಾಳ ಕೈ ಹಿಡಿದುಕೊಂಡಿದ್ದರು. ಆದ ಹಾನಿಯಲ್ಲಿ ಎಷ್ಟು ಉಳಿಯುತ್ತದೋ ಎಷ್ಟು ತುಂಬಿಕೊಳ್ಳುತ್ತದೋ ಈಗಲೇ ಹೇಳಲಾಗದು, ಇನ್ನು ಒಂದು ಹನಿಯೂ ಸೇರಬಾರದು ಎಂದರು. ಅಂದಿನಿಂದ ನಾನು ಅಂಗಡಿಯಿಂದ ನೀರು ಹೊತ್ತು ತರುತ್ತಿದ್ದೇನೆ. ನೀರು ಹೊರುವ ಕಷ್ಟ ತಪ್ಪಿಸಲೆಂದೇ ಕಟ್ಟಿದ ಸಾಲಿಗೆ!

ಆ ಪರೀಕ್ಷೆಯಾದ ಮೇಲೂ ನೋರೀನ್ ಎದೆಗುಂದಿರಲಿಲ್ಲ, ಇದು ನಿಮಗೆ ಗೊತ್ತಿರಲಿ. ಅವಳಿಗೆ ಸಿಟ್ಟು ಬಂದಿತ್ತು. ನಿಮ್ಮ ಸಭೆಗೆ ಅವಳು ಬಂದದ್ದು ಆ ಸಿಟ್ಟಿನಿಂದ, ಹಬ್ಬಕ್ಕೆ ಇಡುವ ನೀಲಿ ಕೋಟು ಹಾಕಿಕೊಂಡು. ನೀವು ಪರದೆಯ ಮೇಲೆ ಚಿತ್ರ ತೋರಿಸಿದಿರಿ. ಹಿಂದೆ ಮೇಜಿನ ಮೇಲೆ ಚಹಾದ ಪಾತ್ರೆ ಹಬೆಯಾಡುತ್ತಿತ್ತು, ಕಪ್ಪುಗಳು ಸಾಲಾಗಿದ್ದವು. ಅವಳು ಎದ್ದು ನಿಂತಳು.

“ಸರ್, ನಾನು ಗೋಬ್ನೆಟ್ ಸಾಲಿನವಳು. ನಮ್ಮ ಮಗುವಿನ ರಕ್ತದಲ್ಲಿ ಸೀಸ ಬಂದಿದೆ. ನೀರಿಂದ ಬಂದಿರೋಕೆ ಆಗಲ್ಲ ಅಂತ ನಾನು ಡಾಕ್ಟ್ರಿಗೆ ಹೇಳಿದೆ. ಯಾಕಂದ್ರೆ ನಾನು ಕುದ್ಸಿದೀನಿ. ಒಂದಿನಾನೂ ಬಿಟ್ಟಿಲ್ಲ. ಎರಡೆರಡು ಸಲ. ನೀವೇ ಹೇಳಿದ್ರಲ್ಲ?”

ಅವಳು ನಿಮ್ಮ ಹಳದಿ ಚೀಟಿಯನ್ನು ಎತ್ತಿ ಹಿಡಿದಿದ್ದಳು. ಅವಳಿಗೆ ಅದು ಸಾಕ್ಷಿ. ತಾನು ಮಾಡಬೇಕಾದ್ದೆಲ್ಲ ಮಾಡಿದ್ದೇನೆ, ಇನ್ನು ತಪ್ಪು ಎಲ್ಲಿದೆ ಹುಡುಕಿ ಎಂದು ಕೇಳುತ್ತಿದ್ದಳು. ಆಗ ನೀವು ಆ ಮಾತು ಹೇಳಿದಿರಿ. ಸೀಸದ ವಿಷಯವೆಲ್ಲ ನಮ್ಮ ಜಾಲತಾಣದಲ್ಲಿತ್ತು ಎಂದೂ ಸೇರಿಸಿದಿರಿ. ಇತ್ತು, ಆಮೇಲೆ ಓರ್ಲಾ ಹುಡುಕಿ ತೆಗೆದಳು. ಕೆಟಲ್‌ನ ಮಾತು ಮನೆಮನೆಗೆ ಬರುತ್ತದೆ, ಆದರೆ ಕೆಟಲ್‌ನಿಂದ ಏನೂ ಆಗದು ಎಂಬ ಮಾತನ್ನು ಮಾತ್ರ ನಾವೇ ಹುಡುಕಿಕೊಂಡು ಹೋಗಬೇಕೇ? ಅಂಥದೇ ಒಂದು ಚೀಟಿ, ಅದೇ ಹಳದಿ ಬಣ್ಣ, ಕೆಟಲ್‌ನ ಮೇಲೆ ಒಂದು ಅಡ್ಡಗೀಟು. ಸೀಸದ ಪೈಪಿರುವ ಮನೆಗಳಿಗಾದರೂ ಹಂಚಲು ನಿಮ್ಮ ಬಜೆಟ್ಟಿನಲ್ಲಿ ದುಡ್ಡಿರಲಿಲ್ಲವೇ? ಪೇಟೆ ಚೌಕದಲ್ಲಿ ಪ್ರವಾಸಿಗರು ಬಾಟಲಿ ತುಂಬಿಸಿಕೊಳ್ಳಲು ಥಳಥಳಿಸುವ ಉಕ್ಕಿನ ನಲ್ಲಿಗಳನ್ನು ನೆಟ್ಟಿದ್ದೀರಿ, ಸುತ್ತ ಹೂವಿನ ಕುಂಡಗಳೂ ಇವೆ. ಅದಕ್ಕೆ ದುಡ್ಡು ಬಂತು. ಬಹುಶಃ ಚೌಕ ಯಾರದು ಎಂಬ ಗೊಂದಲ ಅಲ್ಲಿ ಇರಲಿಲ್ಲವೇನೋ.

ನೋರೀನ್ ಕೂತಳು. ಸಭೆ ಮುಗಿದಾಗ ಯಾರೋ ಅವಳ ಕೈಗೆ ಚಹಾ ತಂದುಕೊಟ್ಟರು, ಅವಳು ಕಪ್ಪನ್ನು ಮೇಜಿನ ಮೇಲಿಟ್ಟು ಹೊರಗೆ ಹೋದಳು. ಮನೆಗೆ ಬಂದವಳು ಕೆಟಲ್‌ನ ತಂತಿ ಕಿತ್ತು, ಹಳೆಯ ಟವೆಲ್ಲಿನಲ್ಲಿ ಸುತ್ತಿ, ಕಲ್ಲಿದ್ದಲು ಇಡುವ ಗೂಡಿನ ಹಿಂದಕ್ಕೆ ಸರಿಸಿದಳು. ಹಳದಿ ಚೀಟಿ ಫ್ರಿಜ್ಜಿಗೆ ಮರಳಲಿಲ್ಲ.

“ನಾನೇ ಕುಡಿಸಿದೆ ಫಿಂಟನ್,” ಅಂದಳು. “ಬೇರೆ ಯಾರೂ ಅಲ್ಲ. ನಾನೇ.”

ನಾನು ಏನು ಹೇಳಲಿಲ್ಲ ಹೇಳಿ? ಅವರು ಹೇಳಿದ್ದನ್ನು ನೀನು ಮಾಡಿದೆ ಎಂದೆ. ಪೈಪು ಹಾಕಿದವರು ಅವರು, ಮಾರಿದವರು ಅವರು, ಮುಚ್ಚಿಟ್ಟವರು ಅವರು ಎಂದೆ. ಓರ್ಲಾ ಮಂಡಿಯೂರಿ ಕೂತು ತಾಯಿಯ ಎರಡೂ ಕೈ ಹಿಡಿದು ಹೇಳಿದಳು: “ಅಮ್ಮಾ, ನಾನಿದ್ದಿದ್ರೂ ಅದನ್ನೇ ಮಾಡ್ತಿದ್ದೆ. ನನ್ ಮೇಲಾಣೆ.” ನೋರೀನ್ ತಲೆಯಾಡಿಸಿದಳು, ಅಷ್ಟೇ. ನಾವು ಅವಳವರು, ಸಮಾಧಾನಕ್ಕೆ ಹೇಳುತ್ತೇವೆ ಎಂದು ಅವಳಿಗೆ ಗೊತ್ತು. ಅಧಿಕಾರದವರು ಹೇಳಿದ ಮಾತನ್ನು ಬಸ್ ಓಡಿಸಿದವನಿಗೆ ಅಳಿಸಲಾಗುತ್ತದೆಯೇ?

ಈಗ ನಮ್ಮದು ಚಹಾ ಇಲ್ಲದ ಮನೆ. ಬಂದವರಿಗೆ ಪೆಟ್ಟಿಗೆಯ ಹಣ್ಣಿನ ರಸ ಕೊಡುತ್ತೇನೆ, ಅವರು ಅದನ್ನು ಔಷಧದಂತೆ ಕುಡಿದು ಬೇಗ ಹೊರಡುತ್ತಾರೆ. ಡಿಂಪ್ನಾ ಒಬ್ಬಳು ಮಾತ್ರ ತನ್ನ ಫ್ಲಾಸ್ಕಿನಲ್ಲಿ ಅಂಗಡಿ ನೀರಿನ ಚಹಾ ಹೊತ್ತು ತಂದು, “ನಿಮ್ಮನೇಲಿ ಬರೀ ಹೋಟ್ಲು ಥರ ಜ್ಯೂಸೇ ಆಯ್ತು, ನಾನೇ ತಂದೆ ತಗೋ” ಎಂದು ನೋರೀನಳ ಮುಂದೆ ಇಡುತ್ತಾಳೆ. ಅವಳು ಕುಡಿಯುವುದಿಲ್ಲ. ಅದೂ ಹೋಗಲಿ ಎನ್ನೋಣ. ಮಗುವಿನ ಬಟ್ಟೆ ಮಡಚುತ್ತಾಳೆ, ತಲೆ ಬಾಚುತ್ತಾಳೆ, ತೊಡೆಯ ಮೇಲೆ ಮಲಗಿಸಿಕೊಳ್ಳುತ್ತಾಳೆ. ತಿನ್ನುವುದು, ಕುಡಿಯುವುದು ಬಂದರೆ ಮಾತ್ರ ಕೈ ಹಿಂದಕ್ಕೆ. ಅಂಗಡಿಯಿಂದ ತಂದ ಬಾಟಲಿಯ ಮುಚ್ಚಳವನ್ನೂ ಅವನ ಎದುರು ತೆಗೆಯುವುದಿಲ್ಲ. “ಓರ್ಲಾ, ಮಗು ಕೇಳ್ತಿದೆ ನೋಡು,” ಅನ್ನುತ್ತಾಳೆ. ಓರ್ಲಾ ಇಲ್ಲದಿದ್ದರೆ ನನ್ನನ್ನು ಕರೆಯುತ್ತಾಳೆ. ನಾನು ಹಿತ್ತಲಲ್ಲಿದ್ದರೆ ಮಗು ಕಾಯಬೇಕು.

ಏಪ್ರಿಲ್‌ನಲ್ಲಿ ನಿಮ್ಮ ಉತ್ತರ ಬಂತು. ನಮ್ಮ ಮನವಿ ಗಮನದಲ್ಲಿದೆ, ಈ ಆರ್ಥಿಕ ವರ್ಷದಲ್ಲಿ ಹಂಚಿಕೆ ಮುಗಿದಿದೆ, ಹಂಚಿಕೊಂಡ ಪೈಪುಗಳ ಬಗೆಗಿನ ನೀತಿ ಪರಿಶೀಲನೆಯಲ್ಲಿದೆ. ಪರಿಶೀಲಿಸಿ, ಬೇಡ ಎನ್ನುವುದಿಲ್ಲ. ಆದರೆ ಮಗು ನಿಮ್ಮ ಆರ್ಥಿಕ ವರ್ಷದ ಲೆಕ್ಕಕ್ಕೆ ಬೆಳೆಯುತ್ತಿಲ್ಲವಲ್ಲ.

ಕಳೆದ ಮಂಗಳವಾರದ ವಿಷಯ ಹೇಳಿ ಮುಗಿಸುತ್ತೇನೆ. ಫೀಕ್ರನಿಗೆ ಮಾತು ಕಲಿಸಲು ವಾರಕ್ಕೊಮ್ಮೆ ಒಬ್ಬ ಹುಡುಗಿ ಬರುತ್ತಾಳೆ. ಅವನು ಎರಡು ಪದ ಜೋಡಿಸಿದರೆ ಅರ್ಧ ಗೆದ್ದ ಹಾಗೆ ಎಂದು ಮೊದಲ ದಿನವೇ ಹೇಳಿದ್ದಳು. ಅಂದಿನಿಂದ ನಾವು ಆ ಎರಡು ಪದಕ್ಕೆ ಕಾಯುತ್ತಿದ್ದೆವು. “ದೊಡ್ಡ ಬಸ್” ಎನ್ನುತ್ತಾನೆಂದು ನನ್ನ ಪಂತ, “ಅಮ್ಮ ಬಾ” ಎನ್ನುತ್ತಾನೆಂದು ಓರ್ಲಾಳ ಪಂತ. ಮಂಗಳವಾರ ಬೆಳಗಿನ ತಿಂಡಿಯ ಹೊತ್ತು. ಓರ್ಲಾ ಕೆಲಸಕ್ಕೆ ಹೋಗಿದ್ದಳು, ನಾನು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದೆ. ಅವನು ಕುರ್ಚಿಯಿಂದ ಇಳಿದು, ತನ್ನ ನೀಲಿ ಲೋಟ ಹಿಡಿದು, ನನ್ನನ್ನು ದಾಟಿ, ನೇರ ಅಜ್ಜಿಯ ಮುಂದೆ ಹೋಗಿ ನಿಂತ. ಲೋಟ ಮೇಲಕ್ಕೆತ್ತಿದ.

“ನ್ಯಾನ್. ನೀರು.”

ಆಮೇಲೆ ಎರಡನ್ನೂ ಸೇರಿಸಿ ಇನ್ನೊಂದು ಸಲ. “ನ್ಯಾನ್ ನೀರು.”

ಬೇರೆ ಮನೆಯಾಗಿದ್ದರೆ ಕುಣಿದಾಡುತ್ತಿದ್ದರು. ನೆರೆಹೊರೆಯವರನ್ನೆಲ್ಲ ಕೂಗಿ ಕರೆದು ಕೆಟಲ್ ಇಡುತ್ತಿದ್ದರು. ನನ್ನ ನೋರೀನ್ ಎರಡೂ ಕೈ ಬೆನ್ನ ಹಿಂದಕ್ಕೆ ಕಟ್ಟಿಕೊಂಡು ಗೋಡೆಗೆ ಒರಗಿದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಕೈ ಮಾತ್ರ ಮುಂದೆ ಬರಲಿಲ್ಲ. “ತಾತನ್ನ ಕೇಳು ಬಂಗಾರ,” ಅಂದಳು. “ತಾತ ಕೊಡ್ತಾರೆ.” ಮಗು ಅಲ್ಲೇ ನಿಂತಿತ್ತು, ಲೋಟ ಎತ್ತಿಕೊಂಡು. ಅವನಿಗೆ ನಾನು ಬೇಡವಾಗಿತ್ತು. ಕೊನೆಗೆ ನಾನೇ ಕೊಟ್ಟೆ, ಅವನು ಕುಡಿಯದೆ ಮೇಜಿನ ಮೇಲಿಟ್ಟ. ಆ ಎರಡು ಪದವನ್ನು ಅವನು ಮತ್ತೆ ಹೇಳಿಲ್ಲ.

ಮಾನ್ಯರೇ, ನನ್ನ ಬೇಡಿಕೆ ಇಷ್ಟು. ನಮ್ಮ ಎಂಟು ಹಿತ್ತಲುಗಳ ಪೈಪನ್ನು ಸರ್ಕಾರದ ಹಣದಲ್ಲೇ ತೆಗೆಸಿ, ಯಾರದ್ದೆಂಬ ಜಗಳ ಆಮೇಲೆ ಇರಲಿ. ಡಿಂಪ್ನಾ ತನ್ನ ರೂಬಾರ್ಬನ್ನು ತಾನೇ ಕಿತ್ತು ದಾರಿ ಬಿಡುತ್ತೇನೆ ಎಂದಿದ್ದಾಳೆ. ಊರಿನಲ್ಲಿ ಇಂಥ ಸಾಲುಗಳು ಇನ್ನೆಷ್ಟಿವೆಯೋ, ಅಲ್ಲಿಯ ಮನೆಮನೆಗೂ ಅಡ್ಡಗೀಟಿನ ಕೆಟಲ್‌ನ ಚೀಟಿ ನಾಳೆಯೇ ಹೋಗಲಿ. ಅದಕ್ಕೆ ಯಾವ ನೀತಿಯೂ ಬೇಕಾಗಿಲ್ಲ.

ಆದರೆ ಪೈಪು ಬದಲಾದ ಮಾತ್ರಕ್ಕೆ ಅವಳ ಕೈ ಮುಂದೆ ಬರುತ್ತದೆಂದು ನನಗೆ ನಂಬಿಕೆಯಿಲ್ಲ. ಅದಕ್ಕೆ ನೀವೇ ಬರಬೇಕು. ಕ್ಯಾಮೆರಾ ಬೇಡ, ಭಾಷಣ ಬೇಡ. ಕೆಂಪು ಬಾಗಿಲು, ಬೀದಿಯ ಕೊನೆಯ ಮನೆ, ಹದಿನೇಳನೇ ನಂಬರಿನ ಬಸ್ಸು ಬಾಗಿಲ ಹತ್ತಿರವೇ ನಿಲ್ಲುತ್ತದೆ. ನಮ್ಮ ಅಡುಗೆಮನೆಯಲ್ಲಿ ಕೂತು, ಅವಳ ಮುಖ ನೋಡಿ, ಸಭಾಂಗಣದಲ್ಲಿ ಅರ್ಧಕ್ಕೆ ಬಿಟ್ಟ ಆ ಮಾತಿನ ಇನ್ನರ್ಧ ಹೇಳಿ: “ಕುದಿಸು ಅಂದವರು ನಾವು. ಹೇಳದೆ ಉಳಿದವರೂ ನಾವು. ತಪ್ಪು ನಿಮ್ಮ ಕೈಯದ್ದಲ್ಲ.” ನಾನು ಹೇಳಿದರೆ ನಂಬದವಳು ನೀವು ಹೇಳಿದರೆ ನಂಬಬಹುದು. ನಿಮ್ಮ ಮಾತನ್ನು ಅವಳು ಯಾವತ್ತೂ ನಂಬಿದವಳೇ.

ನೀವು ಬಂದ ದಿನ ನಿಮಗೆ ಚಹಾ ಸಿಗುವುದಿಲ್ಲ, ಕ್ಷಮಿಸಿ. ಹೊರಡುವ ಮುನ್ನ ಅವಳು ಆ ನೀಲಿ ಲೋಟವನ್ನು ಮಗುವಿನ ಕೈಗೆ ಕೊಟ್ಟರೆ, ಅದನ್ನು ನೋಡಿಕೊಂಡು ಹೋಗಿ.

ಇಂತಿ,
ನಿಮ್ಮ ಶುದ್ಧ ನೀರು ಹೊರಟ ದಿನ ಚಪ್ಪಾಳೆ ತಟ್ಟಿದವನು, ಅದು ಮನೆ ಮುಟ್ಟುವುದನ್ನು ಇನ್ನೂ ಕಾಯುತ್ತಿರುವವನು,
ಫಿಂಟನ್ ಗಿಲ್ಹೂಲಿ
ಎಂಟನೇ ಮನೆ, ಗೋಬ್ನೆಟ್ ಸಾಲು